ಚಿತ್ತಾಪುರದಲ್ಲಿ ಬರೆಸಿದ ಕಾಗದ

ನಮ್ಮ ಮನೆಯಲ್ಲಿ ನಾವು ಮೂವರು ಹೆಂಗಸರು, ಮೂವರಿಗೂ ಗಂಡನಿಲ್ಲ. ಅವ್ವನ ಗಂಡ, ಅಂದರೆ ನಮ್ಮಪ್ಪ, ವಯಸ್ಸಾಗಿ ಸತ್ತ. ವೈನಿಯ ಗಂಡ, ಅಂದರೆ ನನ್ನ ಅಣ್ಣ ಶಿವರಾಯ, ಫರಸಿ ಕಲ್ಲಿನ ಖಣಿಯಲ್ಲಿ ಬಂಡೆ ಜಾರಿ ಸತ್ತ. ನನ್ನ ಗಂಡ ಮಾತ್ರ ಸೇಡಂನಲ್ಲಿ ಎರಡನೆಯವಳ ಜೊತೆ ಗುಂಡುಕಲ್ಲಿನ ಹಾಗೆ ಇದ್ದಾನೆ, ಅವನಿಗೆ ಜ್ವರ ಕೂಡ ಬರುವುದಿಲ್ಲ. ಶಹಾಬಾದಿನಲ್ಲಿ ನಮ್ಮದು ಎರಡು ಖೋಲಿಯ ಮನೆ. ನೆಲಕ್ಕೂ ಫರಸಿ, ಗೋಡೆಗೂ ಫರಸಿ, ಮೇಲೂ ಫರಸಿ. ಬೇಸಿಗೆಯಲ್ಲಿ ಒಳಗೆ ಕುಳಿತರೆ ರೊಟ್ಟಿ ಹಂಚಿನ ಮೇಲೆ ಕುಳಿತ ಹಾಗೆಯೇ. ನಾನು ಮುಂದಿನ ಖೋಲಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಹೆಂಗಸರ ಜಂಪರು ಹೊಲಿಯುತ್ತೇನೆ.

ಅಣ್ಣ ಹೋದ ಮೇಲೆ ವೈನಿ ಜಗದೇವಿ ಒಂದು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಕ್ಕಳಾಗಿರಲಿಲ್ಲ. ಅವ್ವ ನುಚ್ಚು ಮಜ್ಜಿಗೆ ಕಲಸಿ ತಂದು ಎದುರಿಗೆ ಕುಳಿತರೆ ಎರಡು ತುತ್ತು ತಿನ್ನುತ್ತಿದ್ದಳು, ಇಲ್ಲವಾದರೆ ಅದೂ ಇಲ್ಲ. ಖಣಿಯ ಹತ್ತಿರ ಒಂದು ಮಹಿಳಾ ಸಂಘದವರು ಕೂಲಿಕಾರರ ಮಕ್ಕಳಿಗೆ ತಗಡಿನ ಶೆಡ್ಡು ಹಾಕಿದ್ದರು. ಮಕ್ಕಳಿಗೆ ಉಣಿಸಿ, ನೋಡಿಕೊಳ್ಳಲು ಒಬ್ಬಳು ಬೇಕು ಎಂದು ಹೇಳಿ ಕಳಿಸಿದರು. ಅವ್ವ ನನ್ನನ್ನು ಕೇಳಲಿಲ್ಲ, ಬೆಳಿಗ್ಗೆ ರೊಟ್ಟಿ ಬುಟ್ಟಿ ತಂದು ವೈನಿಯ ಹಾಸಿಗೆಯ ಪಕ್ಕ ಇಟ್ಟಳು.

"ಏಳು ಜಗದೇವಿ. ಖಣಿಗಿ ನಡಿ."

"ನನ್ನ ಕೈಲಿ ಆಗಂಗಿಲ್ಲ ಅತ್ತಿ. ಅವರು ಹೋದ ಜಾಗ ಅದು."

"ನನ್ನ ಮಗ ಹೋದ ಜಾಗ ನಂಗ ಗೊತ್ತಿಲ್ಲೇನು? ಅಲ್ಲಿ ಕೂಸುಗೋಳು ಮಣ್ಣು ತಿನ್ಲಿಕತ್ಯಾವಂತ. ನೀ ಇಲ್ಲಿ ಗ್ವಾಡಿ ನೋಡ್ಕೋತ ಬಿದ್ದೀದಿ. ಆಗ್ಲಿಲ್ಲಂದ್ರ ತಿರುಗಿ ಬಾ, ನಾ ಏನೂ ಅನ್ನಂಗಿಲ್ಲ."

ಹೋದಳು. ಮೊದಲ ದಿನ ಅತ್ತು ಬಂದಳು, ಎರಡನೆಯ ದಿನವೂ ಅತ್ತು ಬಂದಳು. ಮೂರನೆಯ ದಿನ ಅವ್ವ ಏಳುವುದಕ್ಕಿಂತ ಮೊದಲೇ ಎದ್ದು ಒಲೆ ಹಚ್ಚಿದ್ದಳು. ಒಂದು ವರ್ಷದ ಮೇಲೆ ನಮ್ಮ ಮನೆಯಲ್ಲಿ ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳಿ ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನೂ ಒರೆಸಿಕೊಂಡೆ.

ಆ ಮಕ್ಕಳಲ್ಲಿ ಒಂದು ಪೂನಮ್, ಐದು ವರ್ಷದ್ದು. ತಾಯಿ ಬಾಣಂತನದಲ್ಲಿ ತೀರಿಕೊಂಡಿದ್ದಳು. ಅಪ್ಪ ದೇವಿಂದ್ರ ಇನ್ನೊಬ್ಬಳನ್ನು ಮಾಡಿಕೊಂಡು ಪುಣೆಗೆ ದುಡಿಯಲು ಹೋಗುವಾಗ ಕೂಸನ್ನು ಪಕ್ಕದ ಜೋಪಡಿಯವರ ಕೈಗೆ ಕೊಟ್ಟು, ತಿಂಗಳಲ್ಲಿ ಬರುತ್ತೇನೆ ಅಂದಿದ್ದ. ಬರಲಿಲ್ಲ. ಜೋಪಡಿಯವರೂ ಊರಿಗೆ ಗಂಟುಮೂಟೆ ಕಟ್ಟಿದರು. ಅವರು ಹೋದ ಸಂಜೆ ಎಲ್ಲ ಮಕ್ಕಳೂ ತಾಯಂದಿರ ಹಿಂದೆ ಓಡಿದರೆ ಇದೊಂದು ಶೆಡ್ಡಿನ ಬಾಗಿಲಲ್ಲಿ ನಿಂತೇ ಇತ್ತು. ವೈನಿ ಮನೆಗೆ ಕರೆದುಕೊಂಡು ಬಂದಳು.

ನಾನು ಮಷೀನು ನಿಲ್ಲಿಸಿ ಜಗಳಕ್ಕೆ ಎದ್ದೆ. "ಇದೇನ್ರಿ ವೈನಿ? ಯಾರ ಕೂಸಿದು?"

"ಯಾರದೂ ಅಲ್ಲ ಭುವನಾ."

"ಯಾರದೂ ಅಲ್ದಿದ್ದು ನಮ್ಮನಿಗ್ಯಾಕ? ಪೊಲೀಸರಿಗಿ ಕೊಡ್ರಿ."

"ಹೇಳಿ ಬಂದೀನಿ. ಅವರು ಮಕ್ಕಳ ಆಫೀಸಿಗಿ ಫೋನ್ ಮಾಡ್ಯಾರ. ನಾಳಿ ಬರ್ತಾರ."

"ನಾಳಿ ತನಕ ಅಷ್ಟೇ ಮತ್ತ. ಈಗೇ ಹೇಳ್ಲಿಕತ್ತೀನಿ."

ಅಷ್ಟರಲ್ಲಿ ಸ್ಟೇಷನ್ನಿನ ಕಡೆ ರೈಲು ಕೂಗಿತು. ಕೂಸು ರೊಟ್ಟಿ ಕೆಳಗಿಟ್ಟು ಬಾಗಿಲಿಗೆ ಓಡಿ, "ನಮ್ಮಪ್ಪ ಬಂದ" ಅಂದಿತು. ಶಹಾಬಾದಿನಲ್ಲಿ ಎಷ್ಟು ರೈಲು ಕೂಗುತ್ತವೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಪ್ರತಿ ಸಲವೂ ಅದು ಊಟ ಬಿಟ್ಟು ಎದ್ದಿತು. ನಾಲ್ಕನೆಯ ಸಲಕ್ಕೆ ನಾನೇ ಅದನ್ನು ಎತ್ತಿ ತೊಡೆಯ ಮೇಲೆ ಕೂಡಿಸಿಕೊಂಡು ಉಣಿಸಿದೆ. ನನ್ನ ಜಗಳ ಅಲ್ಲಿಗೆ ಮುಗಿಯಿತು.

ಮಕ್ಕಳ ಆಫೀಸಿನಿಂದ ಬಂದವರು ಭಾಗ್ಯಜ್ಯೋತಿ ಮೇಡಂ. ಕಲಬುರಗಿಯ ಮಕ್ಕಳ ಸಮಿತಿಯ ಮುಂದೆ ಎಲ್ಲರನ್ನೂ ಕರೆಸಿ, ವಿಚಾರಣೆ ಮಾಡಿ, ಕೂಸನ್ನು ಸಾಕಲು ವೈನಿಯ ಹೆಸರಿಗೆ ಒಂದು ವರ್ಷದ ಕಾಗದ ಕೊಟ್ಟರು. ಅಪ್ಪ ಎಲ್ಲೋ ಬದುಕಿದ್ದಾನೆ, ಕೂಸನ್ನು ಬಿಟ್ಟುಕೊಟ್ಟಿಲ್ಲ, ಹಾಗಾಗಿ ಇದನ್ನು ಯಾರಿಗೂ ದತ್ತ ಕೊಡಲು ಬರುವುದಿಲ್ಲ, ಅವನು ಸಿಗುವ ತನಕ ಜಗದೇವಿ ಸಾಕಲಿ ಎಂದು ಮೇಡಂ ಬಿಡಿಸಿ ಹೇಳಿದರು. ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ಬಿದ್ದರೇನು, ನಾನು ಅದನ್ನು ಉಲ್ಟಾ ತಿಳಿದುಕೊಂಡೆ.

ಪೂನಮ್ ಶಾಲೆಗೆ ಹೋಗತೊಡಗಿತು. ವೈನಿಯನ್ನು ಅವ್ವ ಅಂದಿತು, ಅವ್ವನನ್ನು ಆಯಿ ಅಂದಿತು, ನನ್ನನ್ನು ಭುವನತ್ತಿ ಅಂದಿತು. ನನ್ನ ಗಿರಾಕಿಗಳ ಚಿಂದಿ ಬಟ್ಟೆಯಲ್ಲಿ ಅದಕ್ಕೆ ಮೂರು ಬಣ್ಣದ ಫ್ರಾಕು ಹೊಲಿದೆ. ಆಯಿಯ ಹಲ್ಲಿನ ಸೆಟ್ಟು ನೀರಿನ ಲೋಟದಲ್ಲಿ ಇರುವುದನ್ನು ಮೊದಲ ಸಲ ನೋಡಿ ಚೀರಿ, ಆಮೇಲೆ ದಿನಾ ಅದನ್ನು ತೊಳೆದು ಕೊಡುವ ಕೆಲಸ ತಾನೇ ಹಿಡಿಯಿತು. ರೈಲು ಕೂಗಿದರೆ ಏಳುವುದನ್ನು ಯಾವಾಗ ಬಿಟ್ಟಿತೋ ನಮಗೆ ಗೊತ್ತಾಗಲಿಲ್ಲ. ಒಂದು ದಿನ ಅವ್ವ ಹೇಳಿದಳು, "ಗಾಡಿ ಒದರಿದ್ರೂ ಇಕಿ ಉಣ್ಲಿಕತ್ತಾಳ ನೋಡು." ನಾವು ಮೂವರೂ ಕೂಸಿನ ತಾಟನ್ನೇ ನೋಡುತ್ತ ಕುಳಿತೆವು.

ಭಾಗ್ಯಜ್ಯೋತಿ ಮೇಡಂ ತಿಂಗಳಿಗೊಮ್ಮೆ ಬರುತ್ತಿದ್ದರು. ಒಳ್ಳೆಯವರೇ. ಆದರೆ ಪ್ರತಿ ಸಲ ಹೋಗುವಾಗ ಒಂದು ಮಾತು ಹೇಳುತ್ತಿದ್ದರು. "ಜಗದೇವಿ, ನೆನಪಿಟ್ಟುಕೊಳ್ರಿ. ಕೂಸು ನಿಮ್ಮದಲ್ಲ, ನಿಮ್ಮ ಹತ್ತಿರ ಇಟ್ಟಿದ್ದು ಅಷ್ಟೇ."

"ಮತ್ತ ಯಾರದ್ರೀ?" ನಾನು ಕೇಳಿದೆ.

"ಸರ್ಕಾರದ್ದು."

"ಸರ್ಕಾರ ಬಂದು ತಲ್ಯಾಗಿನ ಹೇನು ತೆಗೀತದೇನ್ರಿ?"

ಮೇಡಂ ನಕ್ಕರು. ವೈನಿ ನಗಲಿಲ್ಲ. ಮೇಡಂ ಬಂದು ಹೋದ ದಿನ ಅವಳು ಬೇಳೆಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ವರ್ಷದ ಕಾಗದ ಮುಗಿಯಲು ಎರಡು ತಿಂಗಳು ಉಳಿದಾಗ ಅವಳ ಊಟ ಮತ್ತೆ ಎರಡು ತುತ್ತಿಗೆ ಇಳಿಯಿತು. ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದರೆ ಈ ಸಲ ಎಬ್ಬಿಸುವವರು ಯಾರು?

"ಕೂಸಿನ ಅಪ್ಪನೇ ಕೊಟ್ಟೀನಂದ್ರ ಯಾರೇನು ಮಾಡ್ತಾರ?" ಅವ್ವ ಪುಂಡಿ ಸೊಪ್ಪು ಸೋಸುತ್ತ ಹೇಳಿದಳು. "ನಮ್ಮಕ್ಕ ದತ್ತ ತಗೊಂಡಾಗ ಯಾವ ಆಫೀಸಿತ್ತು? ಕೊಟ್ಟವರಿಗಿ ನಾಕ್ ಮಂದಿ ಮುಂದ ಆಯೇರಿ ಮಾಡಿದ್ರು, ಧೋತ್ರ ಸೀರಿ ಉಡಿಸಿದ್ರು. ಕೂಸಿಗಿ ತೊಡಿ ಮ್ಯಾಲ ಕೂಡಿಸ್ಕೊಂಡ್ರು. ಮುಗೀತು."

ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತು.

ಆ ವಾರವೇ ಚಿಂಚೋಳಿ ಕಡೆಯ ಒಬ್ಬ ಗಿರಾಕಿ ಜಂಪರಿನ ಅಳತೆ ಕೊಡುತ್ತ ಅದೂ ಇದೂ ಮಾತಾಡಿದಳು. ಅವಳ ಊರಲ್ಲಿ ದೇವಿಂದ್ರ ಎನ್ನುವವನು ಪುಣೆಯಿಂದ ತಿರುಗಿ ಬಂದಿದ್ದಾನೆ, ಶಹಾಬಾದಿನ ಖಣಿಯಲ್ಲಿ ದುಡಿಯುತ್ತಿದ್ದನಂತೆ, ಮೊದಲ ಹೆಂಡತಿ ಸತ್ತಳಂತೆ. ನಾನು ಅಳತೆ ತಪ್ಪಾಗಿ ಬರೆದುಕೊಂಡೆ. ಮರುದಿನ ವೈನಿಗೆ, "ಸೇಡಂಗಿ ಹೋಗಿ ಬರ್ತೀನಿ, ಆ ಭಾಡಕೋನ ಸಂಗಟ ಸ್ವಲ್ಪ ಮಾತದ" ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಸೇಡಂ ಬಂತು, ಇಳಿಯಲಿಲ್ಲ. ಚಿಂಚೋಳಿಗೆ ಹೋಗಿ ಅಲ್ಲಿಂದ ಆ ಗಿರಾಕಿಯ ಊರಿಗೆ ಟಂಟಂ ಆಟೋ ಹಿಡಿದೆ.

ದೇವಿಂದ್ರನನ್ನು ಬೈಯಲು ಊರು ತುಂಬ ಮಾತು ಕಟ್ಟಿಕೊಂಡು ಹೋಗಿದ್ದೆ. ನೋಡಿದರೆ ಅವನು ಕಡ್ಡಿಯಂತಿದ್ದ, ಬಾಗಿಲಲ್ಲಿ ಹಸುಗೂಸು ಹಿಡಿದು ಕುಳಿತಿದ್ದ. ಹೆಂಡತಿ ಒಳಗಿನಿಂದಲೇ, "ಆ ಹುಡುಗಿ ಈ ಮನಿಗಿ ಬ್ಯಾಡ ನೋಡ್ರಿ, ಈಗೇ ಹೇಳೀನಿ" ಅಂದಳು. ಅವನು ತಲೆ ತಗ್ಗಿಸಿದ.

"ಅಕಿಗಿ ನಮ್ಮ ವೈನಿ ತಗೋತಾಳ. ನೀ ಬರೆದುಕೊಡ್ತೀಯೇನಪ?" ನಾನು ಕೇಳಿದೆ.

"ಕೊಡ್ತೀನ್ರಿ." ಹಸುಗೂಸಿನ ಬೆನ್ನು ತಟ್ಟುತ್ತ, "ಈಗ ರೊಟ್ಟಿ ತಿಂತದೇನ್ರಿ? ಮೊದಲ ರೊಟ್ಟಿ ಅಂದ್ರ ಅಳ್ತಿತ್ತು. ಬರೇ ಅನ್ನ ಬೇಡ್ತಿತ್ತು" ಅಂದ.

"ತಿಂತದ. ಶೇಂಗಾ ಹಿಂಡಿ ಹಚ್ಚಿ ಕೊಟ್ರ ಎರಡು ತಿಂತದ."

ಅವನು ಅಳತೊಡಗಿದ. ನಾನು ಕಟ್ಟಿಕೊಂಡು ಹೋಗಿದ್ದ ಬೈಗುಳವೆಲ್ಲ ಹಾಗೇ ತಿರುಗಿ ತಂದೆ.

ಶಹಾಬಾದಿಗೆ ಈಗ ತನ್ನದೇ ತಾಲೂಕು ಕಚೇರಿ ಇದೆ. ಆದರೆ ನಮಗೆ ಅಪ್ಪನ ಕಾಲದಿಂದಲೂ ಕಾಗದ ಎಂದರೆ ಚಿತ್ತಾಪುರ. ಮುಂದಿನ ಮಂಗಳವಾರ ದೇವಿಂದ್ರನನ್ನು ಅಲ್ಲಿಗೇ ಕರೆಸಿದೆ. ಕಚೇರಿ ಮುಂದಿನ ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿಕೊಂಡು ಕುಳಿತಿದ್ದ ಮಡಿವಾಳಯ್ಯನವರು ನೂರು ರೂಪಾಯಿಯ ಬಾಂಡು ತರಿಸಿ ಬರೆದರು. ನಮ್ಮಪ್ಪನ ಹೊಲದ ಕಾಗದವನ್ನೂ ಅವರೇ ಬರೆದಿದ್ದರು.

"ಕೊಡಾಂವ ಅದಾನ. ತಗೊಳ್ಳಾಕಿ ಎಲ್ಲಿ?" ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಮನ್ಯಾಗ ಅದಾಳ್ರಿ. ನಾ ಸಹಿ ಮಾಡಿದ್ರ ನಡೀತದೇನು?"

"ನಿನ್ನ ಹೆಸರು ಜಗದೇವಿ ಇದ್ರ ನಡೀತದ."

"ಜಗದೇವಿ ಅಂತೇ ತಿಳ್ಕೋರಿ."

ಅವರು ಒಂದು ಕ್ಷಣ ಪೆನ್ನು ಕೊಡಲಿಲ್ಲ, ಆಮೇಲೆ ಕೊಟ್ಟರು. ಮೇಡಂ ತರುವ ತಿಂಗಳ ಕಾಗದದಲ್ಲಿ ವೈನಿಯ ಸಹಿ ನೋಡಿ ನೋಡಿ ನನಗೆ ರೂಢಿಯಾಗಿತ್ತು. ಅವಳ ಹಾಗೆಯೇ ಬರೆದೆ. ಇಂಥ ಒಳ್ಳೆಯ ಕೆಲಸಕ್ಕೆ ಯಾಕೆ ಹೆದರಬೇಕು ಎಂದುಕೊಂಡೆ. ದೇವಿಂದ್ರನಿಗೆ ಧೋತ್ರ, ಶಲ್ಯ, ಅವನ ಹೆಂಡತಿಗೆ ಒಂದು ಸೀರೆ, ಜಂಪರಿನ ಕಣ ತಂದಿದ್ದೆ. ಕುಂಕುಮ ಹಚ್ಚಿ, ಶಲ್ಯ ಹೊದಿಸಿ ಆಯೇರಿ ಮಾಡಿದೆ. ಚಹಾದಂಗಡಿಯವನಿಗೆ ಮೊಬೈಲು ಕೊಟ್ಟು ಫೋಟೋ ತೆಗೆಸಿದೆ. ಮಡಿವಾಳಯ್ಯನವರು ಚಂದ ಕಾಣಲಿ ಎಂದು ಬಾಂಡಿನ ಕೊನೆಗೆ ತಾವೇ ಒಂದು ಸಾಲು ಸೇರಿಸಿದರು. "ಬಟ್ಟೆಯ ಆಯೇರಿ ಸ್ವೀಕರಿಸಿ ಸಂತೋಷದಿಂದ ಮಗಳನ್ನು ಕೊಟ್ಟಿರುತ್ತೇನೆ." ಓದಿಸಿ ಕೇಳಿದಾಗ ನನಗೂ ಚಂದ ಅನ್ನಿಸಿತು.

ಕಾಗದವನ್ನು ಮಷೀನಿನ ಡ್ರಾದಲ್ಲಿ ಇಟ್ಟೆ. ವರ್ಷ ತುಂಬುವ ದಿನ ಹುಗ್ಗಿ ಮಾಡಿಸಿ, ವೈನಿಯ ತೊಡೆಯ ಮೇಲೆ ಕೂಸನ್ನು ಕೂಡಿಸಿ, ಮುಂದೆ ಇಡಬೇಕು ಎಂದು ನನ್ನ ಲೆಕ್ಕ. ಆದರೆ ಬಾಯಲ್ಲಿ ಮಾತು ನಿಲ್ಲುವ ಜಾತಿಯಲ್ಲ ನಾನು. ನಾಲ್ಕು ದಿನ ಬಿಟ್ಟು ಭಾಗ್ಯಜ್ಯೋತಿ ಮೇಡಂ ಬಂದರು. ವೈನಿ ಖಣಿಯಲ್ಲಿದ್ದಳು, ಪೂನಮ್ ಶಾಲೆಯಲ್ಲಿತ್ತು. ಅವ್ವ ಚುರುಮುರಿ ಒಗ್ಗರಿಸಿ ಸೂಸಲಾ ಮಾಡಿ ಮುಂದಿಟ್ಟಳು. ಮೇಡಂ ಒಂದು ತುತ್ತು ಬಾಯಿಗಿಟ್ಟು ಎಂದಿನಂತೆ, "ಕೂಸು ನಿಮ್ಮದಲ್ಲ ಅಂಬೋದು..." ಎನ್ನುತ್ತಿದ್ದ ಹಾಗೇ ನಾನು ಡ್ರಾ ಎಳೆದೆ.

"ಇನ್ನ ಆ ಮಾತು ಬ್ಯಾಡ್ರಿ ಮೇಡಂ. ಓದ್ರಿ ಇದು."

ಅವರು ಓದಿದರು. ಮತ್ತೊಮ್ಮೆ ಓದಿದರು. ನಾನು ಮೊಬೈಲಿನಲ್ಲಿ ಫೋಟೋ ಕೂಡ ತೋರಿಸಿದೆ, ಹಲ್ಲು ಕಿಸಿದು. ಅವರು ತಟ್ಟೆ ಪಕ್ಕಕ್ಕೆ ಸರಿಸಿದರು.

"ಇದು ಜಗದೇವಿಗಿ ಗೊತ್ತದೇನು?"

ಗೊತ್ತಿಲ್ಲ ಎಂದರೆ ಕಾಗದಕ್ಕೆ ಬೆಲೆ ಇರುವುದಿಲ್ಲ ಎಂದು ತಿಳಿದೆ. "ಗೊತ್ತಿಲ್ದೇನ್ರಿ? ಅಕಿ ಸಹಿನೇ ಅದ ನೋಡ್ರಿ."

ಮೇಡಂ ಬಾಂಡಿನ ಫೋಟೋ ಹೊಡೆದುಕೊಂಡು, ಸೂಸಲಾ ಅರ್ಧಕ್ಕೆ ಬಿಟ್ಟು ಹೋದರು. "ಯಾಕ ಉಣ್ಲಿಲ್ಲ? ಖಾರ ಆಗಿತ್ತೇನು?" ಎಂದು ಅವ್ವ ಕೇಳಿದಳು.

ಸಂಜೆ ವೈನಿಗೆ ಹೇಳಿಬಿಟ್ಟೆ. ಅವಳು ಹಿಟ್ಟು ನಾದುತ್ತಿದ್ದಳು. ಪೂನಮ್ ಪಕ್ಕದಲ್ಲಿ ಕುಳಿತು ತನ್ನ ಪಾಲಿನ ಹಿಟ್ಟಿನಲ್ಲಿ ಬಿಲ್ಲೆ ಮಾಡುತ್ತಿತ್ತು.

"ಏನ್ ಮಾಡಿದಿ ಭುವನಾ?" ಅವಳು ನಾದುವುದನ್ನು ನಿಲ್ಲಿಸಿದಳು.

"ಏನ್ ಮಾಡ್ದೆ? ಕೂಸು ನಿಮ್ದು ಮಾಡ್ದೆ. ಅಪ್ಪನ ಕೈಲೇ ಬರೆಸಿ ತಂದೀನಿ."

"ಯಾರಿಗೂ ತೋರ್ಸಿಲ್ಲಲ್ಲ?"

"ಮೇಡಂಗ ತೋರ್ಸೀನಿ. ಮತ್ಯಾಕ ಮುಚ್ಚಿಡ್ಬೇಕು? ಕಳವು ಮಾಡೀವೇನು?"

ವೈನಿ ಹಿಟ್ಟಿನ ಕೈಯಲ್ಲೇ ಕೂಸನ್ನು ಎಳೆದು ಅಪ್ಪಿಕೊಂಡಳು. ಅದು, "ಅವ್ವ, ನನ್ನ ಬಿಲ್ಲಿ ಕೆಡ್ತು" ಎಂದು ಸಿಟ್ಟಾಯಿತು.

ಮೂರನೆಯ ದಿನ ಜೀಪು ಬಂತು. ಮೇಡಂ ಜೊತೆ ಒಬ್ಬ ಮಹಿಳಾ ಪೊಲೀಸು. ವಿಚಾರಣೆ ಮುಗಿಯುವ ತನಕ ಕೂಸನ್ನು ಕಲಬುರಗಿಯ ಮಕ್ಕಳ ಮನೆಯಲ್ಲಿ ಇಡಬೇಕು ಎಂದು ಕಾಗದ ಓದಿದರು. ಅವ್ವ ಬಾಗಿಲಿಗೆ ಅಡ್ಡ ಕುಳಿತಳು, ನಾನು ಓಣಿ ಕೂಡಿಸುವ ಹಾಗೆ ಒದರಿದೆ. ವೈನಿ ಮಾತ್ರ ಕೂಸಿನ ತಲೆ ಬಾಚಿ, ರಿಬ್ಬನ್ನು ಕಟ್ಟಿ, ಮೂರು ಬಣ್ಣದ ಫ್ರಾಕು ತೊಡಿಸಿದಳು. ನಾವು ಅತ್ತರೆ ಅದು ಹೆದರುತ್ತದೆ ಎಂದು ಸನ್ನೆಯಲ್ಲೇ ನನ್ನ ಬಾಯಿ ಮುಚ್ಚಿಸಿದಳು. ಪೂನಮ್‌ಗೆ ಜೀಪಿನಲ್ಲಿ ಕಿಟಕಿಯ ಪಕ್ಕ ಕೂಡುವುದೆಂದರೆ ಖುಷಿಯೋ ಖುಷಿ. ಹತ್ತಿ ಕುಳಿತು ಪಕ್ಕದ ಸೀಟನ್ನು ಕೈಯಿಂದ ತಟ್ಟಿ, "ಅವ್ವ, ಜಲ್ದಿ ಬಾ, ಜಾಗ ಅದ" ಅಂದಿತು. ಪೊಲೀಸಿನಾಕೆ ಆ ಜಾಗದಲ್ಲಿ ಕುಳಿತಳು. ಜೀಪು ಹೊರಟ ಮೇಲೆ ಅದು ಚೀರಿದ್ದು ಮಸೀದಿಯ ತಿರುವಿನ ತನಕ ಕೇಳಿಸಿತು.

ಎಂಟು ದಿನ ಮನೆಯಲ್ಲಿ ಒಲೆ ಹತ್ತಿತೇ ಹೊರತು ಯಾರೂ ಉಣ್ಣಲಿಲ್ಲ. ಒಂಬತ್ತನೆಯ ದಿನ ಸಮಿತಿ ಕರೆಸಿತು. ಮೂವರೂ ಹೋದೆವು. ಒಳಗೆ ಹೋಗುವ ಮೊದಲು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ವಕೀಲಮ್ಮನನ್ನು ವೈನಿ ಏನೋ ಕೇಳಿದಳು, ಆಕೆ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ.

ಒಳಗೆ ಅಧ್ಯಕ್ಷರು ವಯಸ್ಸಾದ ಹೆಂಗಸು. ಬಾಂಡನ್ನು ಟೇಬಲ್ ಮೇಲೆ ಹರಡಿ, ಆಯೇರಿಯ ಸಾಲಿನ ಮೇಲೆ ಬೆರಳಿಟ್ಟರು.

"ಅರಿವಿ ತಗೊಂಡು ಕೂಸು ಕೊಟ್ಟೀನಿ ಅಂತ ಬರೆದದ. ಇದಕ್ಕ ಏನಂತಾರ ಗೊತ್ತದೇನು?"

"ಆಯೇರಿ ಅಂತಾರವ್ವ," ಅವ್ವ ಅಂದಳು.

"ಕಾಯ್ದೆ ಮಾರಾಟ ಅಂತದ ಆಯಿ. ಮತ್ತೊಂದು ಮಾತು ತಿಳ್ಕೋರಿ. ಅಪ್ಪ ಸಿಗಲಾರದಕ್ಕೇ ಈ ಕೂಸು ನಿಮ್ಮ ಮನ್ಯಾಗಿತ್ತು. ಇನ್ನೂ ವರ್ಷಗಟ್ಟಲೆ ಇರ್ತಿತ್ತು. ನೀವೇ ಅವನಿಗಿ ಹುಡುಕಿ ತಂದ್ರಿ. ಮೊನ್ನೆ ಅಂವ ನಮ್ಮ ಮುಂದ ಬಂದು ಬಿಟ್ಟುಕೊಟ್ಟೀನಿ ಅಂತ ಸಹಿ ಮಾಡ್ಯಾನ. ಮನಸ್ಸು ಬದಲಿಸ್ಲಿಕ್ಕ ಅವನಿಗಿ ಕೊಟ್ಟ ಎರಡು ತಿಂಗಳ ಗಡುವು ಮುಗಿದ ಮ್ಯಾಲ ಕೂಸು ಸರತ್ಯಾಗ ಇದ್ದವರಿಗಿ ದತ್ತ ಹೋಗ್ತದ."

ಸಿಗದೇ ಇದ್ದವನನ್ನು ಟಂಟಂ ಹಿಡಿದು ಹೋಗಿ ಹುಡುಕಿದವಳು ನಾನು.

"ಹಂಗಿದ್ರ ನಮ್ಮ ಜಗದೇವಿಗೇ ಕೊಡ್ರವ್ವ," ಅವ್ವ ಕೈ ಮುಗಿದಳು.

"ಅದನ್ನೇ ಕೇಳ್ಲಿಕತ್ತೀನಿ." ಅಧ್ಯಕ್ಷರು ಬಾಂಡನ್ನು ವೈನಿಯ ಕಡೆ ತಿರುಗಿಸಿದರು. "ಜಗದೇವಿ, ಸರಿಯಾಗಿ ನೋಡಿ ಹೇಳು. ಈ ಸಹಿ ನಿಂದೇನು? ನಿಂದಲ್ಲಂದ್ರ ನಿನ್ನ ಮ್ಯಾಲ ತಪ್ಪಿಲ್ಲ, ನಿನ್ನ ಹೆಸರು ಸರತಿಗಿ ಹಚ್ಚಬಹುದು. ನಿಂದೇ ಅಂದ್ರ ನಿನಗ ಇನ್ನ ಯಾವ ಕೂಸೂ ಕೊಡಲಿಕ್ಕಾಗಂಗಿಲ್ಲ."

ವೈನಿ ಬಗ್ಗಿ ನೋಡಿದಳು. ಅದು ತನ್ನ ಕೈಯಲ್ಲ ಎಂದು ಅವಳಿಗೆ ಒಂದೇ ನೋಟಕ್ಕೆ ತಿಳಿಯಿತು. ಯಾರ ಕೈ ಎನ್ನುವುದೂ ಗೊತ್ತಿತ್ತು. ಅವಳು ನನ್ನ ಕಡೆ ತಿರುಗಲಿಲ್ಲ.

"ನಂದೇರಿ. ಮದಲೇ ಸಹಿ ಮಾಡಿ ನಾನೇ ಕಳಿಸಿದ್ದೆ. ಭುವನಾಗ ಏನೂ ಗೊತ್ತಿಲ್ರಿ, ನಾ ಹೇಳ್ದಂಗ ಹೋಗಿ ಬಂದಾಳ."

ಭಾಗ್ಯಜ್ಯೋತಿ ಮೇಡಂ ನನ್ನ ಮುಖವನ್ನೇ ನೋಡುತ್ತಿದ್ದರು. "ಭುವನೇಶ್ವರಿ, ನೀವೇನರೆ ಹೇಳೋದದೇನು?"

ಈಗ ಹೇಳು, ಈಗ ಹೇಳು ಎಂದು ನನಗೇ ನಾನು ಹೇಳಿಕೊಂಡೆ. ಬಾಗಿಲ ಹತ್ತಿರ ಆ ಪೊಲೀಸಿನಾಕೆ ನಿಂತಿದ್ದಳು. ಫ್ಯಾನು ತಿರುಗುತ್ತಿತ್ತು. ಅಧ್ಯಕ್ಷರು ಇನ್ನೊಮ್ಮೆ ಕೇಳಿದರು. ನಾನು ತಲೆ ಅಲ್ಲಾಡಿಸಿದೆ, ಏನೂ ಇಲ್ಲ ಎಂದು.

ಬರೆದುಕೊಂಡರು. ಪೊಲೀಸು ಕೇಸು ಬೇಡ, ತಿಳಿಯದೆ ಮಾಡಿದ್ದಾಳೆ ಎಂದು ದೊಡ್ಡ ಮನಸ್ಸು ಮಾಡಿದರು. ಆದರೆ ಜಗದೇವಿ ಇನ್ನು ಆ ಕೂಸನ್ನು ನೋಡಲು ಬರುವಂತಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಅವ್ವ ನೀರು ತರಲು ಹೋದಾಗ ನಾನು ವೈನಿಯ ತೋಳು ಹಿಡಿದುಕೊಂಡೆ. "ಯಾಕ ಹಂಗಂದ್ರಿ? ಖರೆ ಹೇಳಬೇಕಿತ್ತಲ್ಲ!"

"ಸುಳ್ಳ ಸಹಿ ಮಾಡಿದವರಿಗಿ ಜೈಲು ಅಂತ. ಆ ವಕೀಲಮ್ಮ ಹೇಳಿದ್ಲು."

"ನಾ ಹೋಗ್ತಿದ್ದೆ ಜೈಲಿಗಿ! ಕೂಸು ನಿಮಗ ಬರ್ತಿತ್ತು!"

"ಅತ್ತಿ ಒಂದ್ ಕಳ್ಕೊಂಡಾಳ ಭುವನಾ. ಇನ್ನೊಂದು ಕಳ್ಕೋ ಅನ್ಲಿಕ್ಕ ನಂಗ ಬಾಯಿ ಬರ್ಲಿಲ್ಲ." ಬಸ್ಸು ಬರುವ ಕಡೆ ನೋಡುತ್ತ, "ಮತ್ತ ನೀ ಯಾಕ ಹೇಳ್ಲಿಲ್ಲ?" ಎಂದು ಕೇಳಿದಳು. ಚುಚ್ಚಲು ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದು.

ಮನೆಗೆ ಬಂದು ಅವಳು ಕೈಕಾಲು ತೊಳೆದು ಒಲೆ ಹಚ್ಚಿದಳು. ಮೊದಲ ರೊಟ್ಟಿಯನ್ನು ನನ್ನ ತಾಟಿಗೇ ಹಾಕಿದಳು. ಬೈದಿದ್ದರೆ, ಜುಟ್ಟು ಹಿಡಿದು ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಉಣ್ಣು, ಆರ್ತದ" ಅಂದಳು.

ಸಂಘದವರು ಸ್ವಲ್ಪ ದಿನ ಶೆಡ್ಡಿಗೆ ಬರುವುದು ಬೇಡ ಎಂದು ವೈನಿಗೆ ಹೇಳಿದರು. ಅವಳು ಮಲಗಿಬಿಡುತ್ತಾಳೆ ಎಂದು ನಾವಿಬ್ಬರೂ ಜೀವ ಹಿಡಿದುಕೊಂಡು ಕುಳಿತೆವು. ಮಲಗಲಿಲ್ಲ. ಬೆಳಿಗ್ಗೆ ಎದ್ದು ಎಂದಿನಷ್ಟೇ ರೊಟ್ಟಿ ಬಡಿದು, ಬೇಳೆ ಕುದಿಸಿ, ಬುಟ್ಟಿ ನನ್ನ ಮುಂದಿಟ್ಟಳು.

"ನಂಗ ಬ್ಯಾಡ ಅಂದಾರ. ನಿಂಗ ಅಂದಿಲ್ಲಲ್ಲ. ಆ ಕೂಸುಗೋಳು ಏನ್ ಮಾಡ್ಯಾವ?"

"ನಂಗ ಹುಡುಗ್ರು ಸಂಭಾಳಿಸ್ಲಿಕ್ಕ ಬರಂಗಿಲ್ಲ ವೈನಿ."

"ನಂಗರೆ ಎಲ್ಲಿ ಬರ್ತಿತ್ತು? ಹೋಗು. ಸಣ್ಣವು ಎರಡು ಅದಾವ, ಅವಕ್ಕ ರೊಟ್ಟಿ ಹಾಲಾಗ ಮುರಿದು ಹಾಕು."

ಮಷೀನಿಗೆ ಅರ್ಧ ದಿನ ಬೀಗ ಹಾಕಿ ನಾನು ಖಣಿಗೆ ಹೋಗತೊಡಗಿದೆ. ಮೂಗು ಒರೆಸಿದೆ, ಜಗಳ ಬಿಡಿಸಿದೆ. ಮಧ್ಯಾಹ್ನ ಮನೆಗೆ ಬಂದರೆ ವೈನಿ ಒಂದೊಂದೇ ಮಗುವಿನ ಹೆಸರು ಹಿಡಿದು ಉಂಡಿತೇ, ಜ್ವರ ಇಳಿಯಿತೇ ಎಂದು ಕೇಳುತ್ತಿದ್ದಳು. ಪೂನಮ್ ಹೆಸರು ಮಾತ್ರ ಮೂವರೂ ಎತ್ತುತ್ತಿರಲಿಲ್ಲ.

ಎರಡೂವರೆ ತಿಂಗಳಿಗೆ ಭಾಗ್ಯಜ್ಯೋತಿ ಮೇಡಂ ಫೋನು ಬಂತು. ಸೋಮವಾರ ಗಂಡ ಹೆಂಡತಿ ಬಂದು ಕೂಸನ್ನು ಕರೆದುಕೊಂಡು ಹೋಗುತ್ತಾರೆ, ದೂರದ ಊರು, ಒಳ್ಳೆಯ ಜನ. ನೋಡುವುದಿದ್ದರೆ ನೀವೊಬ್ಬರೇ ಬಂದು ನೋಡಬಹುದು, ಭುವನೇಶ್ವರಿ, ನಿಮ್ಮ ಮೇಲೆ ಏನೂ ಇಲ್ಲವಲ್ಲ, ಅಂದರು. ಅವರಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ವೈನಿ ಶೇಂಗಾ ಹುರಿದು ಬೆಲ್ಲ ಹಾಕಿ ಉಂಡೆ ಕಟ್ಟಿದಳು. ಫ್ರಾಕುಗಳನ್ನು ಒಗೆದು ಮಡಚಿಟ್ಟಳು. ಹೊರಡುವ ದಿನ ತಾನೂ ಸೀರೆ ಉಟ್ಟು ನಿಂತಳು. "ಒಳಗ ಬರಂಗಿಲ್ಲ. ಹೊರಗ ಕುಂದರ್ತೀನಿ" ಅಂದಳು. ಬೇಡ ಅನ್ನಲು ನಾನು ಯಾರು?

ಮಕ್ಕಳ ಮನೆಗೆ ಆಳೆತ್ತರದ ಕಂಪೌಂಡು. ಗೇಟಿನಿಂದ ನಾಲ್ಕು ಹೆಜ್ಜೆ ಆಚೆ ವೈನಿ ಗೋಡೆಗೆ ಬೆನ್ನು ಹಚ್ಚಿ ಬಿಸಿಲಲ್ಲೇ ಕುಳಿತಳು. ಒಳಗೆ ನೋಡಿಕೊಳ್ಳುವ ಅಕ್ಕ ನನ್ನನ್ನು ಮೊದಲೇ ಬದಿಗೆ ಕರೆದಳು. "ಅವ್ವ ಹೊರಗ ಅದಾಳ ಅಂತ ಹೇಳಬ್ಯಾಡ್ರಿ. ಗೇಟಿಗಿ ಓಡ್ತದ. ಬಂದಾಗ ನಾಕ್ ದಿನ ಅನ್ನ ಮುಟ್ಟಿದ್ದಿಲ್ಲ. ಈಗ ಹೊಂದ್ಕೊಂಡು ಕುಂತದ, ಮತ್ತ ಎಬ್ಬಿಸಬ್ಯಾಡ್ರಿ."

ಪೂನಮ್ ಬಂತು. ಕೂದಲು ಗಿಡ್ಡ ಕತ್ತರಿಸಿದ್ದರು, ಎತ್ತರವಾಗಿತ್ತು. ನನ್ನನ್ನು ನೋಡಿ ನಕ್ಕು, ನನ್ನ ಹಿಂದೆ ಇಣುಕಿ ನೋಡಿತು.

"ಅವ್ವ?"

"ಬಂದಿಲ್ಲವ್ವ. ಕೆಲ್ಸ ಅದ."

ಅದು ನನ್ನ ಸೆರಗು ಹಿಡಿಯಿತು. "ನಾ ಏನರೆ ತಪ್ಪ ಮಾಡೀನೇನು ಭುವನತ್ತಿ?"

"ಇಲ್ಲ ನನ್ನ ಬಂಗಾರ. ನೀ ಏನ್ ಮಾಡ್ತೀದಿ?"

"ಮತ್ಯಾಕ ಅವ್ವ ಬರ್ಲಿಲ್ಲ? ನಾ ದಿನಾ ಹಲ್ಲು ತಿಕ್ತೀನಿ. ಉಚ್ಚಿನೂ ಹಾಸಿಗ್ಯಾಗ ಹೊಯ್ಯಂಗಿಲ್ಲ."

ನಾನು ಉಂಡೆಯ ಡಬ್ಬಿ ತೆಗೆದು ಅದರ ಕೈಗಿಟ್ಟೆ. ಅದು ಒಂದನ್ನು ಮೂಸಿ ನೋಡಿ, ತಿನ್ನದೆ, ಮುಚ್ಚಳ ಹಾಕಿ ಎದೆಗವಚಿಕೊಂಡಿತು. ಹೊಸ ಅಪ್ಪ ಅವ್ವ ಬರುತ್ತಾರಂತೆ, ಅವರ ಮನೆಯಲ್ಲಿ ಜೋಕಾಲಿ ಇದೆಯಂತೆ ಎಂದಿತು, ಯಾರದೋ ಸುದ್ದಿ ಹೇಳುವ ಹಾಗೆ. ಅಕ್ಕ ವೇಳೆಯಾಯಿತು ಎಂದಳು. ಪೂನಮ್ ಒಳಗೆ ಹೋಗುವಾಗ ತಿರುಗಿ ನನ್ನನ್ನು ನೋಡಲಿಲ್ಲ, ಗೇಟಿನ ಕಡೆ ನೋಡಿತು.

ನಾನು ಹೊರಗೆ ಬಂದೆ. ವೈನಿ ಎದ್ದು ನಿಂತಳು.

"ಕೇಳ್ತೇನು ನನ್ನ?"

ಇಲ್ಲ ಅನ್ನಬಹುದಿತ್ತು. ಆಡುತ್ತಿತ್ತು, ಚೆನ್ನಾಗಿದೆ, ಮರೆತಿದೆ ಅನ್ನಬಹುದಿತ್ತು.

"ಕೇಳ್ತುರಿ."

"ಏನಂದಿ?"

"ಬಂದಿಲ್ಲ ಅಂದೆ."

"ಅದಕ್ಕೇನಂತು?"

"ತಾ ಏನರೆ ತಪ್ಪ ಮಾಡೀನೇನು ಅಂತ ಕೇಳ್ತು ವೈನಿ."

ಅಣ್ಣನ ಹೆಣ ಅಂಗಳಕ್ಕೆ ತಂದಾಗ ಕೂಡ ವೈನಿ ದನಿ ತೆಗೆದು ಅತ್ತಿರಲಿಲ್ಲ. ಈಗ ಗೋಡೆಗೆ ಎರಡೂ ಅಂಗೈ ಹಚ್ಚಿ, ಕತ್ತೆತ್ತಿ ಕೂಗಿದಳು. "ಪೂನೀ! ಏ ಪೂನೀ! ನಾ ಬಂದೀನವ್ವಾ! ಇಲ್ಲೇ ಹೊರಗ ಅದೀನಿ! ನಿಂದೇನೂ ತಪ್ಪಿಲ್ಲವ್ವಾ!"

ವಾಚ್‌ಮನ್ ಬಡಿಗೆ ನೆಲಕ್ಕೆ ಬಡಿಯುತ್ತ ಓಡಿ ಬಂದ. "ಏ ಬಾಯಿ, ಏನ್ ಹಚ್ಚೀರಿ? ಹೋಗ್ರಿ ಆ ಕಡಿ!" ನಾನು ವೈನಿಯನ್ನು ಎಳೆಯಲು ತೋಳು ಹಿಡಿದೆ. ಅವಳು ಗೋಡೆ ಬಿಡಲಿಲ್ಲ. ಹಿಡಿದ ಕೈ ಬಿಟ್ಟೆ. ಬಿಟ್ಟು ನಾನೂ ಗೋಡೆಯ ಕಡೆ ತಿರುಗಿ ಎದೆ ಒಡೆಯುವ ಹಾಗೆ ಒದರಿದೆ.

"ಪೂನಮ್! ಭುವನತ್ತಿ ಸುಳ್ಳ ಹೇಳ್ಯಾಳ! ಅವ್ವ ಬಂದಾಳ ನೋಡು! ತಪ್ಪ ನಂದು! ಆ ಸಹಿ ನಂದು! ಎಲ್ಲಾ ನಾ ಮಾಡಿದ್ದು, ನಿಮ್ಮವ್ವ ಏನೂ ಮಾಡಿಲ್ಲಾ!"

ರಸ್ತೆಯಲ್ಲಿ ಹೋಗುವವರು ನಿಂತರು. ಒಳಗೆ ಆಡುತ್ತಿದ್ದ ಮಕ್ಕಳ ಗದ್ದಲ ಒಮ್ಮೆಲೇ ನಿಂತಿತು. ನಾವಿಬ್ಬರೂ ಉಸಿರು ಹಿಡಿದು ಕಿವಿಗೊಟ್ಟೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಂದದ್ದು ಊಟದ ಗಂಟೆಯ ಸಪ್ಪಳ. ಮಕ್ಕಳು ತಾಟು ಹಿಡಿದು ಓಡುವ ಸಪ್ಪಳ ಕೇಳಿಸಿತು.